ಸೊಪ್ಪಿನ ತೋಟಕ್ಕೊಂದು ಖಾಕಿ ಅಂಗಿ

ನಿವೃತ್ತಿಯಾದ ಮೇಲೆ ಮನುಷ್ಯ ಮೆತ್ತಗಾಗುತ್ತಾನೆ ಎನ್ನುತ್ತಾರೆ. ನಾನೂ ಆಗಿದ್ದೇನೆ, ಆದರೆ ಕಡೂರಿನಲ್ಲಿ ಇದನ್ನು ಯಾರೂ ನಂಬುವುದಿಲ್ಲ. ಸಖರಾಯಪಟ್ಟಣದ ಮಾರ್ಗವಾಗಿ ಚಿಕ್ಕಮಗಳೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು ನಾನು. ಚಿಲ್ಲರೆಗಾಗಿ ನಾನು ಗದರದ ಮನೆ ನಮ್ಮೂರಿನಲ್ಲಿ ಬಹುಶಃ ಇಲ್ಲ. ಸೊಂಟದ ಮೇಲೆ ಕೂತ ಮಗುವಿನ ಕಾಲು ನೆಲಕ್ಕೆ ತಾಗುತ್ತಿದ್ದರೂ 'ಇನ್ನೂ ಚಿಕ್ಕದು' ಎನ್ನುವ ತಾಯಂದಿರನ್ನು ನೋಡಿ ನೋಡಿ ನನ್ನ ಹುಬ್ಬು ಗಂಟು ಹಾಕಿಕೊಂಡದ್ದು ಹಾಗೆಯೇ ನಿಂತುಬಿಟ್ಟಿದೆ. ನಿದ್ದೆಯಲ್ಲೂ ಬಿಚ್ಚುವುದಿಲ್ಲ ಎಂದು ಹೆಂಡತಿಯ ದೂರು.

ನಮ್ಮ ಬೀದಿಯ ಕೊನೆಗೆ, ನೀರಿನ ಟ್ಯಾಂಕಿನ ಪಕ್ಕ, ಕಸ ಸುರಿಯುತ್ತಿದ್ದ ಜಾಗವೊಂದಿತ್ತು. ಅದರಾಚೆ ಕೂಲಿಯವರ ಕಾಲೋನಿ. ಅಲ್ಲಿನ ಹೆಂಗಸರು ಬೆಳಕು ಹರಿಯುವ ಮುನ್ನ ಟೆಂಪೋ ಹತ್ತಿ ಅಜ್ಜಂಪುರದ ಕಡೆ ಈರುಳ್ಳಿ ಕೀಳಲು ಹೋದರೆ ಮರಳುವುದು ಕತ್ತಲಾದ ಮೇಲೆ. ಅಷ್ಟು ಹೊತ್ತಿಗೆ ಅಂಗಡಿಯಲ್ಲಿ ಉಳಿದಿರುವುದು ಬಾಡಿದ ಸೊಪ್ಪು, ಇಲ್ಲವೇ ಪೊಟ್ಟಣದ ಕುರುಕಲು. ಪಾಪ ಅನ್ನಿಸಿ ನಮ್ಮ ಬೀದಿಯ ನಾಲ್ಕೈದು ಮನೆಯವರು ಆ ಜಾಗ ಹಸನು ಮಾಡಿ ಹರಿವೆ, ಮೆಂತ್ಯ, ಬದನೆ ಹಾಕಿದೆವು. ಬೇಕಾದವರು ಬೇಕಾದಷ್ಟು ಪುಕ್ಕಟೆಯಾಗಿ ಕಿತ್ತುಕೊಳ್ಳಬಹುದೆಂದು ಕಾಲೋನಿಗೂ ಹೇಳಿ ಕಳಿಸಿದೆವು. ದೃಷ್ಟಿ ತಾಗದಿರಲೆಂದು ಹುಲ್ಲು ತುಂಬಿದ ಬೆರ್ಚಪ್ಪನನ್ನು ನಿಲ್ಲಿಸಿದಾಗ, ನನ್ನ ಹಳೆಯ ಖಾಕಿ ಅಂಗಿಯನ್ನು ನಾನೇ ಉದಾರವಾಗಿ ತೊಡಿಸಿದೆ.

ಕಾಲೋನಿಯ ಒಬ್ಬರೂ ಬರಲಿಲ್ಲ. ಹರಿವೆ ಮೊಣಕಾಲುದ್ದ ಬೆಳೆದು ಹೂ ಬಿಟ್ಟಿತು. "ಕರೆದು ಕೊಟ್ಟರೂ ಬೇಡದ ಜನ!" ಎಂದು ಸಿಡುಕಿದೆ. ಕಾರಣ ಹೆಂಡತಿಗೆ ನಲ್ಲಿಯ ಹತ್ತಿರ ಗೊತ್ತಾಯಿತು. ಕಾಲೋನಿಯ ಪುಟ್ಟಮ್ಮನ ಸೊಸೆ ಬಸುರಿ. ಎದ್ದು ಓಡಾಡಲೂ ಆಗದಷ್ಟು ರಕ್ತ ಕಡಿಮೆ. ಸೊಪ್ಪು ತಿನ್ನಿಸಿ ಎಂದು ಡಾಕ್ಟರು ಬೈದು ಕಳಿಸಿದ್ದಾರೆ.

"ದಿನಾ ಟೆಂಪೋ ಹತ್ತೋಕ್ ಮುಂಚೆ ಹೋಗ್ತೀನಿ ಕಣಕ್ಕ. ನೋಡಿದ್ರೆ ನಿಮ್ ಯಜಮಾನ್ರು ಆಗ್ಲೇ ನಿಂತಿರ್ತಾರೆ. ಟಿಕೆಟ್ ಕೇಳ್ದಂಗಾಗಿ ವಾಪಸ್ ಬಂದ್ಬಿಡ್ತೀನಿ," ಎಂದಳಂತೆ ಪುಟ್ಟಮ್ಮ.

ಅದು ಬೆರ್ಚಪ್ಪ ಎಂದು ತಿಳಿಸಿ ನನ್ನ ಹೆಂಡತಿ ಬಿಂದಿಗೆ ಕೆಳಗಿಟ್ಟು ನಕ್ಕಳಂತೆ. ಮನೆಗೆ ಬಂದು ಮತ್ತೆ ನಕ್ಕದ್ದನ್ನು ನಾನೇ ನೋಡಿದೆ. ನನಗೆ ನಗು ಬರಲಿಲ್ಲ. ಬಸುರಿ ಹೆಂಗಸಿನ ಊಟಕ್ಕೆ ನನ್ನ ಅಂಗಿ ಅಡ್ಡ ನಿಂತಿತ್ತಲ್ಲ!

ಕಾಲೋನಿಯ ಉಳಿದವರೂ ಹೆದರದಿರಲೆಂದು ಮರುದಿನ ಮಬ್ಬಿನಲ್ಲೇ ಹೋಗಿ ಬೆರ್ಚಪ್ಪನನ್ನು ಕೆಡವಿದೆ. ಚಳಿ ತಡೆಯಲಾರದೆ ಅವನ ಅಂಗಿಯನ್ನು ನಾನೇ ಹಾಕಿಕೊಂಡೆ. ಅಷ್ಟರಲ್ಲಿ ಪುಟ್ಟಮ್ಮ ಬಂದೇಬಿಟ್ಟಳು. ಮಾತಾಡಿದರೆ ಬೆದರಿ ಓಡುತ್ತಾಳೆ, ಸೊಸೆಗೆ ಇವತ್ತೂ ಸೊಪ್ಪಿಲ್ಲ. ಬೇರೇನೂ ತೋಚದೆ ಎರಡೂ ಕೈ ಚಾಚಿ ನಿಂತುಬಿಟ್ಟೆ. ಮೂಗಿನ ಮೇಲೆ ಸೊಳ್ಳೆ ಕೂತರೂ ಅಲುಗಲಿಲ್ಲ.

ಪುಟ್ಟಮ್ಮ ನಿರಾಳವಾಗಿ ಹರಿವೆ ಕೀಳುತ್ತಾ, "ನೀನೇ ವಾಸಿ ಕಣಪ್ಪ. ಅಸಲಿ ಕಂಡಕ್ಟ್ರು ತಲೆ ಮೇಲೆ ಹೊರೆ ಕಂಡ್ರೆ ಸಾಕು, ರೈಟ್ ರೈಟ್ ಅಂದ್ಬಿಡೋರು," ಎಂದಳು. ಕೇಳುತ್ತಾ ನಿಂತೆ. ಸುಳ್ಳೇನಲ್ಲವಲ್ಲ.

ಮಡಿಲು ತುಂಬಿಸಿಕೊಂಡು ಹೊರಟವಳು ತಿರುಗಿ ನೋಡಿದಳು.

"ಸೊಸೆಗೆ ಇಷ್ಟ್ ಸಾಕು. ಇನ್ ಕೈ ಇಳಿಸಿ ಕಂಡಕ್ಟ್ರಣ್ಣ, ರಟ್ಟೆ ನೋಯ್ತದೆ. ನಾಳೆನೂ ಬತ್ತೀನಿ."

ಇಳಿಸಿದೆ. ಪ್ರಯಾಣಿಕರೊಬ್ಬರ ಮಾತನ್ನು ನಾನು ಮರುಮಾತಿಲ್ಲದೆ ಕೇಳಿದ್ದು ಅದೇ ಮೊದಲು.