‘ಬರ್ತಾ ಇದೆ’ಯವರ ಹೊಸ ಎಂಜಿನ್

ವಿಮೆ ಕಚೇರಿಯ ಗುಮಾಸ್ತರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದೀಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಚೇರಿಗೆಲ್ಲ ಅವರು ‘ಬರ್ತಾ ಇದೆ’. ತಪ್ಪು ಫೋನಿನದು. ಎಲ್ಲರಿಗಿರುವುದು ನನಗೇಕೆ ಎಂದು ಹಟ ಹಿಡಿದು, ಲೋಕದಲ್ಲಿ ಎಣಿಸಿ ಹತ್ತಾರು ಜನ ಬಳಸುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದರು. ಅದರ ಬ್ರೌಸರಿನಲ್ಲಿ ಒಂದು ಪುಟ ತೆರೆಯುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ಯಾರಾದರೂ "ಬಂತಾ?" ಎಂದರೆ, ಇವರದು ಒಂದೇ ಉತ್ತರ, "ಬರ್ತಾ ಇದೆ."

ಹೆಂಡತಿ ಮಾತ್ರ ಒಂದು ದಿನವೂ ಆ ಹೆಸರು ಎತ್ತಿದವಳಲ್ಲ. "ನಮ್ಮನೆಯವರು ಹಿಡಿದ ಕೆಲಸ ಬಿಡೋರಲ್ಲ" ಎಂದು ನೆರೆಯವರ ಬಾಯಿ ಮುಚ್ಚಿಸುತ್ತಿದ್ದಳು.

ಆ ಮಾತಿನ ಮಾನ ಉಳಿಸಬೇಕಲ್ಲ! ಪಾಪ, ಆರು ತಿಂಗಳು ಸಂಜೆಯೆಲ್ಲ ಕೂತು, ಬೇರೆ ಫೋನುಗಳಲ್ಲಿ ಚುರುಕಾಗಿ ಓಡುವ, ಪುಟಗಳನ್ನು ಎಳೆದು ತರುವ ಬ್ರೌಸರ್ ಎಂಜಿನ್ನನ್ನು ತಂದು ತಮ್ಮ ಫೋನಿಗೆ ಒಗ್ಗಿಸಿ, ಹಳೇ ಬ್ರೌಸರಿನ ಪಕ್ಕದಲ್ಲೇ ಹೊಸದೊಂದನ್ನು ಕೂರಿಸಿದರು. ಮೊದಲ ಓಟ ಕಚೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಗೇಲಿ ಮಾಡುವ ಕ್ಯಾಷಿಯರನ ಎದುರಿಗೇ ಆಗಲಿ ಎಂದು ಒಮ್ಮೆಯೂ ಓಡಿಸಿ ನೋಡದೆ ಹಾಗೇ ಇಟ್ಟುಕೊಂಡರು.

"ಏನ್ರೀ ಬರ್ತಾ ಇದೆ, ಸಂಜೆ ಮಳೆ ಇದೆಯಾ ನೋಡಿ. ನಾಳೆಯೊಳಗೆ ಹೇಳಿದ್ರೆ ಸಾಕು" ಎಂದ ಕ್ಯಾಷಿಯರ್, ಮಾರನೆಯ ಬೆಳಿಗ್ಗೆ.

ಗುಮಾಸ್ತರು ಬ್ರೌಸರಿನ ನೀಲಿ ಗುರುತು ಒತ್ತಿದರು. ರೆಪ್ಪೆ ಹೊಡೆಯುವಷ್ಟರಲ್ಲಿ ಹವಾಮಾನ ಬಂತು. ಇನ್ನೊಂದು ಪುಟ ಬಂತು, ಮತ್ತೊಂದೂ ಬಂತು. ಕ್ಯಾಷಿಯರ್ ತೆರೆದ ಬಾಯಿ ಮುಚ್ಚಲಿಲ್ಲ.

"ಹೊಸ ಎಂಜಿನ್. ನಾನೇ ಕೂರಿಸಿದ್ದು."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮನುಷ್ಯ ಎಲ್ಲಿ ನಿಲ್ಲಿಸ್ತಾನೆ ಹೇಳಿ? "ಎಂಥ ಹಳೇ ಫೋನ್ ಕೊಡಿ, ಓಡಿಸ್ತೀನಿ" ಎಂದುಬಿಟ್ಟರು.

ಮ್ಯಾನೇಜರು ತಮ್ಮ ಹಳೇ ಫೋನ್ ಹಿಡಿದು ಒಳಗಿಂದ ಬಂದರು. "ನಾಲ್ಕು ಗಂಟೆಗೆ ವಿಶೇಷ ರೈಲಿನ ಟಿಕೆಟ್ ಬಿಡ್ತಾರೆ ಕಣ್ರೀ. ನಾದಿನಿ ಮದುವೆ. ಟಿಕೆಟ್ ತಪ್ಪಿದ್ರೆ ನಾನು ಮನೆಗೆ ಹೋಗೋ ಹಾಗಿಲ್ಲ."

ಗುಮಾಸ್ತರು ಮಧ್ಯಾಹ್ನವೆಲ್ಲ ಬೆವರಿ, ಆ ಫೋನಿಗೆ ತಮ್ಮ ಸಿಸ್ಟಮ್ಮನ್ನೂ ಹೊಸ ಎಂಜಿನ್ನಿನ ಬ್ರೌಸರನ್ನೂ ಹಾಕಿದರು. ನಾಲ್ಕಕ್ಕೆ ಕಚೇರಿಯೇ ಸುತ್ತ ನೆರೆಯಿತು. ಮ್ಯಾನೇಜರು ಒತ್ತಿದರು. ಪರದೆ ಬೆಳ್ಳಗಾಯಿತು, ಬೆಳ್ಳಗೇ ಇತ್ತು.

"ಬಂತೇನ್ರೀ?"

ಗುಮಾಸ್ತರು ಬೇರೆ ಮಾತಿಗಾಗಿ ಬಹಳ ತಡಕಾಡಿದರು. ಸಿಗಲಿಲ್ಲ. "ಬರ್ತಾ ಇದೆ, ಸಾರ್."

ಕ್ಯಾಷಿಯರ್ ಗೋಡೆಯ ಕಡೆ ತಿರುಗಿಕೊಂಡ. ಅವನ ಭುಜ ಕುಲುಕುತ್ತಿತ್ತು. ಕೊನೆಗೂ ಪುಟ ಬಂದಾಗ ಸೀಟೆಲ್ಲ ಭರ್ತಿಯಾಗಿತ್ತು. ಮ್ಯಾನೇಜರು ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನೀವಾದ್ರೂ ಮನೆಗೆ ಹೋಗಿ" ಎಂದರು, ಅಷ್ಟೇ. ಗುಮಾಸ್ತರಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಮನೆಯಲ್ಲಿ ತಲೆ ಎತ್ತದೆ ಎಲ್ಲ ಹೇಳಿದರು. "ಬೆಳಿಗ್ಗೆ ನನ್ನ ಫೋನಲ್ಲಿ ಹಾರ್ತಾ ಇತ್ತು ಕಣೇ."

"ಅಯ್ಯೋ, ಅದಾ? ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ನಿಮ್ಮ ಫೋನ್ ನೋಡಿದೆ. ವರ್ಷಗಳಿಂದ ತೆರೆದ ಪುಟ ಒಂದನ್ನೂ ನೀವು ಮುಚ್ಚಿಲ್ಲ. ನೂರಾರು ಇದ್ವು, ಎಲ್ಲ ಮುಚ್ಚಿದೆ. ಬಾಗಿಲ ತುಂಬ ಚಪ್ಪಲಿ ಬಿಟ್ರೆ ಯಾರು ತಾನೇ ಬೇಗ ಒಳಗೆ ಬರ್ತಾರೆ?"

ಗುಮಾಸ್ತರು ಫೋನ್ ತೆಗೆದು ನೋಡಿದರು. ಹಳೇ ಬ್ರೌಸರಿಗೂ ಹೊಸದಕ್ಕೂ ಒಂದೇ ನೀಲಿ ಗುರುತು ಇಟ್ಟಿದ್ದರು. ಬೆಳಿಗ್ಗೆ ಓಡಿದ್ದು ಹಳೆಯದು. ಆರು ತಿಂಗಳ ಹೊಸದನ್ನು ಈಗ ಮೊದಲ ಸಲ ಒತ್ತಿದರು. ಪರದೆ ಬೆಳ್ಳಗಾಯಿತು.

ಹೆಂಡತಿ ತಟ್ಟೆ ಹಾಕಿದಳು, ಬಡಿಸಿದಳು, ಕೂತು ಕಾದಳು. ಬಡಿಸಿದ್ದು ಆರತೊಡಗಿತು.

"ಏನ್ರೀ ಬರ್ತಾ ಇದೆ," ಎಂದಳು, "ಊಟಕ್ಕೆ ಬನ್ನಿ."