ನನ್ನನ್ನು ಮುದುಕನಾಗಲು ಬಿಡದವರು

ನಾನು ಮುದುಕನಾಗಬೇಕೆಂದು ಹೊರಟಾಗಲೆಲ್ಲ ಯಾರಾದರೊಬ್ಬರು ಅಡ್ಡ ಬರುತ್ತಾರೆ. ಅಪ್ಪ ಅರವತ್ತಕ್ಕೆ ಜಗಲಿಯ ಕುರ್ಚಿ ಹಿಡಿದವರು ಕೊನೆಯವರೆಗೂ ಏಳಲಿಲ್ಲ. ಚಹಾ, ಎಲೆಯಡಿಕೆ ಎಲ್ಲ ಕೂತಲ್ಲಿಗೇ ಬರುತ್ತಿತ್ತು. ಶಾಲೆಯಲ್ಲಿ ಮೇಷ್ಟರಾಗಿ ದುಡಿಯುವಷ್ಟೂ ಕಾಲ ನನಗಿದ್ದ ಆಸೆ ಅದೊಂದೇ. ನಿವೃತ್ತನಾಗಿ ನೋಡಿದರೆ ನನ್ನ ಓರಗೆಯವರು ಮುಪ್ಪನ್ನೇ ರದ್ದು ಮಾಡಿದ್ದಾರೆ. ಮಂಡಿನೋವು ಮಾತ್ರ ರದ್ದಾಗಿಲ್ಲ.

ಬಸ್ಸಿನಲ್ಲಿ

ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿ ಬಸ್ಸು ಹತ್ತಿದೆ. ಕೂರಲು ಜಾಗವಿಲ್ಲ. ಕಂಡಕ್ಟರಿಗೆ ಪಾಪ ಅನಿಸಿತು. "ಸೀನಿಯರ್ ಸಿಟಿಜನ್ ಸೀಟು ಬಿಟ್ಟುಕೊಡಿ ಮಾರಾಯ್ರೆ, ಮೇಷ್ಟ್ರು ನಿಂತಿದ್ದಾರೆ" ಎಂದ.

ಸೀಟಿನಲ್ಲಿದ್ದವರು ತಿರುಗಿದರು. ಮೆಲ್ಕಾರಿನ ಅಂಗಡಿಯ ಬ್ಯಾರಿ ಸಾಹುಕಾರರು, ಜತೆಗೆ ಅವರ ಗೆಳೆಯರು. ಎಲ್ಲರೂ ನನಗಿಂತ ದೊಡ್ಡವರು, ಎಲ್ಲರ ಕಾಲಲ್ಲೂ ಹೊಸ ಶೂ.

"ಗಡಾಯಿಕಲ್ಲು ಹತ್ತಲಿಕ್ಕೆ ಉಂಟು ಮೇಷ್ಟ್ರೆ. ಈಗ ಕಾಲಿಗೆ ರೆಸ್ಟ್ ಕೊಡದಿದ್ದರೆ ಆಗುದಿಲ್ಲ" ಎಂದರು ಸಾಹುಕಾರರು.

ಅವರು ಗುಡ್ಡ ಹತ್ತಲೆಂದು ನಾನು ಬೆಳ್ತಂಗಡಿವರೆಗೆ ನಿಂತೆ.

ಮದುವೆಯಲ್ಲಿ

ಎರಡೂ ಮಂಡಿಯ ಆಪರೇಷನ್ ಆಗಿ ಅಮ್ಮ ಮಲಗಿದ್ದ ಕಾರಣ ಮೂಡುಬಿದಿರೆಯಲ್ಲಿ ಕುಟುಂಬದ ಹುಡುಗಿಯ ಮದುವೆಗೆ ನಾನೊಬ್ಬನೇ ಹೋಗಿದ್ದೆ. ಧಾರೆ ಮುಗಿದು ವಧೂವರರು ಕಾಲು ಹಿಡಿಯುವ ಹೊತ್ತು. "ಕುಟುಂಬದ ಹಿರಿಯರು ಯಾರು, ಮುಂದೆ ಬನ್ನಿ" ಎಂದರು ಭಟ್ಟರು. ಯಾರೂ ಮಿಸುಕಲಿಲ್ಲ. ಕೂದಲಿಗೆ ಬಣ್ಣ ಹಚ್ಚಿಕೊಂಡಿದ್ದ ಭಾವ ಮೊಬೈಲು ನೋಡತೊಡಗಿದ. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ, ದೊಡ್ಡಪ್ಪನ ಮಗಳು, "ಇವನೇ ಹಿರಿಯ" ಎಂದು ನನ್ನನ್ನು ಮುಂದೆ ದೂಡಿದಳು.

ಅಂತೂ ಒಂದು ಕುರ್ಚಿ ಸಿಕ್ಕಿತು, ಖುಷಿಯಲ್ಲೇ ಆಶೀರ್ವಾದ ಮಾಡಿದೆ. ಗಂಡಿನ ಕಡೆಯ ಹೆಂಗಸೊಬ್ಬರು ಅಕ್ಕನನ್ನು ಕೇಳಿದರು: "ಇವರು ನಿಮ್ಮ ತಂದೆಯವರಾ?"

ಅಕ್ಕ "ಅಲ್ಲ" ಎನ್ನಲಿಲ್ಲ.

ಮನೆಯಲ್ಲಿ

ಈಗ ಅಮ್ಮನ ಮಂಡಿ ಹೊಸತು, ನನ್ನದು ಹಳತು. ಎಂಬತ್ತೈದು ದಾಟಿದ ಅವಳು ದಿನಾ ಬೆಳಿಗ್ಗೆ ವಾಕಿಂಗ್ ಹೊರಡುತ್ತಾಳೆ, ನಾನು ಹಿಂದಿನಿಂದ ಕುಂಟುತ್ತೇನೆ. ಮೊನ್ನೆ ಮೆಟ್ಟಿಲಲ್ಲೇ ಕೂತುಬಿಟ್ಟೆ.

"ನನ್ನಿಂದಾಗುದಿಲ್ಲ ಅಮ್ಮ. ನಾನು ಮುದುಕ ಆದೆ."

"ನಾನೇ ಇನ್ನೂ ಆಗ್ಲಿಲ್ಲ, ನಿನಗೆಂಥ ಅವಸರ?" ಎಂದಳು. ಆಮೇಲೆ ನನ್ನ ಮುಖ ನೋಡಿ, "ಆಯ್ತು, ಇಲ್ಲೇ ಕೂತ್ಕೋ. ಅಂಗಳಕ್ಕೆ ಇಳೀಬೇಡ, ಜಾರ್ತದೆ" ಎಂದು ಹೊರಟಳು. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಾಕೆಗೆ ಗೇಟಿನಿಂದಲೇ ಕೂಗಿ ಹೇಳಿದಳು: "ಮನೆಯಲ್ಲಿ ಮಗು ಒಂದೇ ಉಂಟು, ಸ್ವಲ್ಪ ನೋಡ್ಕೊಳ್ಳಿ ಆಯ್ತಾ!"

ಆಕೆ ಬಿಸ್ಕೆಟ್ ಪ್ಯಾಕೆಟ್ ಹಿಡಿದು ಓಡಿಬಂದು ಒಳಗೆಲ್ಲ ಇಣುಕಿದಳು.

"ಅಜ್ಜ, ಮಗು ಎಲ್ಲಿ?"

ನನಗೆ ನಿಜವಾಗಿಯೂ ಅಳು ಬಂತು. ಕೈ ಚಾಚಿ ಬಿಸ್ಕೆಟ್ ತೆಗೆದುಕೊಂಡೆ.