ಹನ್ನೊಂದು ಕನ್ನಡಿಯ ಗಿಟಾರು

ಸಂಗೀತ ನನಗೆ ರಕ್ತಗತವಾಗಿ ಬಂದಿದೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇತ್ತು. ಹೊರಗೆ ಬರಲು ಅವಕಾಶ ಸಿಕ್ಕಿರಲಿಲ್ಲ, ಅಷ್ಟೇ!

ಎಪ್ಪತ್ತರ ದಶಕ. ಗುಮಾಸ್ತನಾಗಿ ಇಂಡಿ ಎಂಬ ಊರಿಗೆ ವರ್ಗವಾಗಿ ಬಂದಿದ್ದೆ. ವಯಸ್ಸು ಮೂವತ್ನಾಲ್ಕು, ಹೆಂಡತಿ ಇಲ್ಲ, ಕೂದಲೂ ಅಷ್ಟಕ್ಕಷ್ಟೇ. ಗೌರವ್ವ ಎಂಬ ಮುದುಕಿಯ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಓಣಿಯವರು ಎದುರು ಸಿಕ್ಕಾಗಲೆಲ್ಲ "ಚಹಾ ಆತೇನ್ರಿ?" ಎಂದು ಕೇಳುತ್ತಿದ್ದರು. "ಬರ್ರಿ, ಕೂಡೇ ಕುಡಿಯೂಣು" ಎಂದರೆ, "ಮತ್ತೊಮ್ಮಿ ಬರ್ತೇನ್ರಿ" ಎಂದು ಹೋಗಿಬಿಡುತ್ತಿದ್ದರು. ನನ್ನ ಬಳಿ ಎರಡು ಕಪ್ಪು-ಬಸಿ ಇದ್ದವು. ಎಂಟು ತಿಂಗಳಾದರೂ ಎರಡನೆಯದು ಒದ್ದೆಯಾಗಿರಲಿಲ್ಲ.

ಆದರೆ ಪ್ರತಿ ಸೋಮವಾರ ಮಠದ ಭಜನೆಯಲ್ಲಿ, ಹಾರ್ಮೋನಿಯಂ ಪೇಟಿ ಬಾರಿಸುವ ಈರಪ್ಪ ಮಾಸ್ತರರ ಸುತ್ತ ಜನವೋ ಜನ! ಅದನ್ನು ನೋಡಿ ನನಗೆ ಜ್ಞಾನೋದಯವಾಯಿತು. ಮನೆಗೆ ಜನ ಬರಬೇಕಾದರೆ ಮನೆಯಲ್ಲೊಂದು ವಾದ್ಯ ಬೇಕು.

ರವಿವಾರ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದೆ. ಅಂಗಡಿಯೊಂದರಲ್ಲಿ ಕಣ್ಣಿಗೆ ಬಿದ್ದದ್ದು ಕರೆಂಟಿನ ಗಿಟಾರು. ವಸ್ತು ಹೊಸದಾದರೂ ಹಳೇ ಕಾಲದ ಮಾದರಿ. ಗಿಳಿಹಸಿರು ಮೈ, ಅಂಚಿಗೆಲ್ಲ ಮುತ್ತಿನ ಬಣ್ಣದ ಪಟ್ಟಿ, ಕುತ್ತಿಗೆಯುದ್ದಕ್ಕೂ ನವಿಲಿನ ಚಿತ್ತಾರ, ಎದೆಯ ಮೇಲೆ ಅಂಗೈಯಗಲದ ಒಂದು ಕನ್ನಡಿ, ಅದರ ಸುತ್ತ ಹತ್ತು ಪುಟ್ಟ ಕನ್ನಡಿಗಳು! ಅಂಗಡಿಯವನು ಅದರ ವಾಯರನ್ನು ಮೂಲೆಯ ದೊಡ್ಡ ಕರಿ ಪೆಟ್ಟಿಗೆಗೆ ಸಿಕ್ಕಿಸಿ ತಂತಿ ಮೀಟಿದ. ಅಂಗಡಿ ನಡುಗಿತು. ನನ್ನ ಎದೆಯೂ ನಡುಗಿತು.

"ಪೆಟಗೀನೂ ಒಯ್ರಿ," ಎಂದ.

"ಬ್ಯಾಡ್ರಿ, ನಮ್ಮ ಖೋಲಿ ಸಣ್ಣದೈತಿ," ಎಂದೆ. ಅದು ಗಿಟಾರು ಇಡುವ ಸ್ಟೂಲು ಎಂದು ನಾನು ತಿಳಿದಿದ್ದೆ. ಅವನು ನನ್ನನ್ನು ಎರಡು ಸಲ ನೋಡಿ, ಗಿಟಾರಿನ ಜೊತೆ ಬರೀ ವಾಯರನ್ನು ಸುತ್ತಿಕೊಟ್ಟ.

ಮನೆ ಮುಟ್ಟಿ ತಂತಿಗೆ ಬೆರಳು ಹಚ್ಚುವಷ್ಟರಲ್ಲಿ ಗೌರವ್ವ ಓಡಿ ಬಂದಳು. "ಅಯ್ಯ, ಪೂಜಿ ಮಾಡದ ಬಾರಸ್ತಾರೇನ್ರಿ? ತಡೀರಿ, ಓಣ್ಯಾಗ ಹೇಳಿ ಬರ್ತೇನಿ."

ಮರುದಿನ ಸಂಜೆ ಭಜನೆಗೂ ಮೊದಲು ನನ್ನ ಖೋಲಿಯಲ್ಲಿ ಇಪ್ಪತ್ತೆರಡು ಜನ! ಗೌರವ್ವ ಗಿಟಾರಿಗೆ ವಿಭೂತಿ ಬಳಿದಳು, ನವಿಲಿಗೆ ಕುಂಕುಮ ಹಚ್ಚಿದಳು, ಕಾಯಿ ಒಡೆದಳು. ನಾನು ಮೂರು ಮನೆಗಳಿಂದ ಕಪ್ಪು ತಂದು ಚಹಾ ಕೊಟ್ಟೆ. ನನ್ನ ಎರಡನೆಯ ಕಪ್ಪು ಅವತ್ತು ಈರಪ್ಪ ಮಾಸ್ತರರ ಕೈಯಲ್ಲಿತ್ತು. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಗಂಭೀರನಾಗಿ ಕುಳಿತು ತಂತಿ ಮೀಟಿದೆ.

'ಟಿಣ್' ಎಂದಿತು. ಸೊಳ್ಳೆಯೂ ಅದಕ್ಕಿಂತ ಜೋರಾಗಿ ಹಾಡುತ್ತದೆ.

ಬಾಗಿಲ ಬಳಿಯಿಂದ ಯಾರೋ, "ಶುರು ಮಾಡ್ರಿ ಸಾಹೇಬ್ರ!" ಎಂದರು.

"ಶುರು ಆಗೈತ್ರಿ," ಎಂದೆ.

"ಕರೆಂಟಿನ ವಾದ್ಯ ಅಂತೀರಿ, ಕರೆಂಟ ಕೊಟ್ಟೀರೇನು?" ಎಂದಳು ಗೌರವ್ವ. ಸಭೆ ತಲೆದೂಗಿತು. ನಾನೂ ತೂಗಿದೆ! ಕೂಡಲೇ ವಾಯರಿನ ಒಂದು ತುದಿ ಗಿಟಾರಿಗೆ ಸಿಕ್ಕಿಸಿ, ಇನ್ನೊಂದು ತುದಿ ಕೊಯ್ದು, ಎರಡೂ ಎಳೆಗಳನ್ನು ಬಿಡಿಸಿ, ಗೋಡೆಯ ಪ್ಲಗ್ಗಿನ ತೂತುಗಳಿಗೆ ತುರುಕಿ ಗುಂಡಿ ಒತ್ತಿದೆ.

ಢಬ್!

ಆ ಗಿಟಾರು ಮಾಡಿದ ದೊಡ್ಡ ಶಬ್ದ ಅದೊಂದೇ. ನೀಲಿ ಕಿಡಿ ಹಾರಿತು, ಇಡೀ ಓಣಿಯ ದೀಪ ಆರಿತು. "ಇದರ ಜೋಡಿ ಒಂದು ಪೆಟಗಿ ಬರತೈತ್ರಿ, ಅದು ಇಲ್ಲದ ಇದು ಮೂಕ, ಪೆಟಗೀನ ಇದರ ಬಾಯಿ," ಎಂದು ಈರಪ್ಪ ಮಾಸ್ತರರು ಕತ್ತಲೆಯಲ್ಲೇ ತಿಳಿಸಿ ಹೇಳಿದರು. ಜನ ತಡಕಾಡಿ ಕೈಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನು ಕಂದೀಲು ಹಚ್ಚಿ ಕಪ್ಪು ತೊಳೆಯುತ್ತ ಕುಳಿತೆ. ಮಠದಿಂದ ಪೇಟಿ ಕೇಳಿಸತೊಡಗಿತು. ಅದಕ್ಕೆ ಕರೆಂಟು ಬೇಕಿರಲಿಲ್ಲ. ಸುಳ್ಳೇಕೆ ಹೇಳಲಿ, ಅಳು ಬಂತು.

ಮುಂದಿನ ರವಿವಾರ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ತಾವಾಗಿ ಯಾರೋ ಬಂದಿದ್ದಾರೆ! ಚಹಾಕ್ಕೆ ನೀರಿಟ್ಟೇ ಬಾಗಿಲು ತೆರೆದೆ. ಕೆನ್ನೆಗೆ ಸಾಬೂನು ಬಳಿದುಕೊಂಡು ಈರಪ್ಪ ಮಾಸ್ತರರು ನಿಂತಿದ್ದರು.

"ಮನ್ಯಾಗ ಕನ್ನಡಿ ಒಡದೈತ್ರಿ. ನಿಮ್ಮ ಗಿಟಾರ ಸ್ವಲ್ಪ ಕೊಡ್ರಿ."

"ಇಲ್ಲೇ ದಾಡಿ ಮಾಡ್ಕೋರಿ, ಚಹಾಕ್ಕ ಇಟ್ಟೇನಿ."

"ಬ್ಯಾಡ್ರಿ, ಅಲ್ಲಿ ಬಿಸಿನೀರು ಆರತಾವ," ಎಂದು ಗಿಟಾರನ್ನು ಬಗಲಲ್ಲಿಟ್ಟುಕೊಂಡು ಹೋಗೇ ಬಿಟ್ಟರು. ನಾನು ಎರಡೂ ಕಪ್ಪು ಚಹಾ ಕುಡಿದೆ.

ಮಧ್ಯಾಹ್ನ ಗೌರವ್ವನ ಕೈಯಲ್ಲಿ ಗಿಟಾರು ವಾಪಸು ಬಂತು. ನವಿಲಿನ ಕೊಕ್ಕಿಗೆ ಸಾಬೂನಿನ ನೊರೆ ಅಂಟಿತ್ತು. ಒರೆಸಿ, ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಕಿವಿಗೆ ಕೇಳಲೆಂದು ಬಗ್ಗಿ ಮೀಟಿದೆ. ಹನ್ನೊಂದು ಕನ್ನಡಿಗಳಲ್ಲಿ ಹನ್ನೊಂದು ಜನ ಬೋಳುತಲೆಯವರು ನನ್ನನ್ನೇ ನೋಡುತ್ತಿದ್ದರು. ಅಂತೂ ನನ್ನ ಕಛೇರಿಗೂ ಜನ ಸೇರಿದ್ದರು!

ಬಾರಿಸಿ ಮುಗಿಸಿದೆ. ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕೈಯೂ ಗಿಟಾರಿನ ಮೇಲೇ ಇತ್ತು.